ಪೇಷಂಟ್ ಕಡೆಯವರು

ಹರಿಹರ,
18 ಮಾರ್ಚ್ 2024

ಸಿಸ್ಟರ್ ಕೀರ್ತನಾ ಅವರಿಗೆ,

ಕಾಗದದ ಮೊದಲ ಸಾಲಿನಲ್ಲಿ ನಾನು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಹಾಕಬೇಕು ಅಂತ ನಮ್ಮ ಕನ್ನಡ ಮೇಷ್ಟ್ರು ಕಲಿಸಿದ್ದರು. ನಾನು ಕ್ಷೇಮವಾಗಿಲ್ಲ. ನೀವು ಹೇಗಿದ್ದೀರಿ ಎಂಬುದು ನನಗೆ ಬೇಕಾಗಿಲ್ಲ. ಫೋನ್ ಮಾಡಿದರೆ ನಿಮ್ಮ ಆಸ್ಪತ್ರೆಯವರು ಹಾಡು ಕೇಳಿಸಿ ಇಟ್ಟುಬಿಡುತ್ತಾರೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಿಮಗೆ ಗುರುತು ಸಿಗಲಿಕ್ಕಿಲ್ಲ. ನಾನು ಗುಲ್ಷನ್, ಹರಿಹರದಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡವಳು. ಜನವರಿಯಲ್ಲಿ ಕರುಳು ತೂತಾಗಿ ದಾವಣಗೆರೆಯ ನಿಮ್ಮ ಆಸ್ಪತ್ರೆಗೆ ಬಂದೆ. ಆಪರೇಷನ್ ಆದ ಮೇಲೆ ನಿಮ್ಮ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿದ್ದೆ. ಡಾಕ್ಟರು ಜೀವ ಉಳಿಸಿದರು, ಅವರಿಗೆ ನನ್ನ ದುವಾ ಇದೆ. ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು, ಅದಕ್ಕೊಂದು ಚೀಲ ಅಂಟಿಸಿ ಮನೆಗೆ ಕಳಿಸಿದ್ದಾರೆ. ಕೆಲವು ತಿಂಗಳ ನಂತರ ಇನ್ನೊಂದು ಆಪರೇಷನ್ ಮಾಡಿ ಕರುಳು ಜೋಡಿಸುತ್ತಾರಂತೆ, ಆಗ ಚೀಲ ಹೋಗುತ್ತದಂತೆ.

ಹೊಟ್ಟೆ ಡಾಕ್ಟರದ್ದು. ನಾನು ಕೇಳುತ್ತಿರುವುದು ನನ್ನ ಬಲಗೈ ವಿಷಯ, ಅದು ನಿಮ್ಮದು. ಡ್ರಿಪ್ ಸೂಜಿಯನ್ನು ಅಂಗೈಯ ಹಿಂಬದಿಗೆ ಹಾಕಿದ್ದಿರಿ. ಆವತ್ತು ಹೊಸ ಬಾಟಲಿ ಏರಿಸಿದ ಮೇಲೆ ಕೈಗೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗಾಯಿತು. ನಾನು ಕೂಗಿದೆ: "ಸಿಸ್ಟರ್, ಕೈ ಭಾಳ ಉರಿತೈತ್ರಿ." ನೀವು ಬಂದಿರಿ, ನೋಡಿದಿರಿ. "ಆ ಔಷಧಿನೇ ಹಂಗಮ್ಮ, ಸ್ವಲ್ಪ ತಡ್ಕೋ" ಅಂದಿರಿ. ಬಾಗಿಲ ಕಡೆ ಹೋಗಿ ಬಂದಿರಿ. ಡ್ರಿಪ್ಪನ್ನು ಸ್ವಲ್ಪ ನಿಧಾನ ಮಾಡಿ, ಸೂಜಿಯ ಮೇಲೆ ಇನ್ನೊಂದು ಪ್ಲಾಸ್ಟರ್ ಬಿಗಿದು ನಡೆದುಬಿಟ್ಟಿರಿ. ಸಂಜೆಯೊಳಗೆ ಕೈ ಪೂರಿಯ ಹಾಗೆ ಉಬ್ಬಿತು. ಆಮೇಲೆ ಗುಳ್ಳೆ ಎದ್ದಿತು, ಚರ್ಮ ಕಪ್ಪಾಗಿ ಕಿತ್ತುಬಂತು. ಗಾಯ ಮಾಗುವಾಗ ಬೆರಳುಗಳನ್ನು ಎಳೆದುಕೊಂಡೇ ಮಾಗಿತು. ಈಗ ಹೆಬ್ಬೆರಳು ತೋರುಬೆರಳನ್ನು ಮುಟ್ಟುವುದಿಲ್ಲ. ಮಣಿಕಟ್ಟಿನಿಂದ ಮೇಲಕ್ಕೆ ನರ ಹುರಿಹಗ್ಗದಂತೆ ಗಟ್ಟಿಯಾಗಿದೆ, ಮುಟ್ಟಿದರೆ ನೋವು.

ಇದು ರಂಜಾನ್ ತಿಂಗಳು. ವರ್ಷವಿಡೀ ನಾನು ಕಾಯುವ ಸೀಸನ್. ಬಟ್ಟೆ ತಂದವರನ್ನೆಲ್ಲ ವಾಪಸು ಕಳಿಸುತ್ತಿದ್ದೇನೆ, ಯಾಕೆಂದರೆ ನನಗೆ ಕತ್ತರಿ ಹಿಡಿಯಲು ಬರುವುದಿಲ್ಲ.

ಪರಿಹಾರ ಕೇಳುತ್ತಿಲ್ಲ. ಒಂದೇ ಪ್ರಶ್ನೆ. ಉರಿಯುತ್ತಿದೆ ಅಂತ ನಾನು ಹೇಳಿದೆನಲ್ಲ, ನೀವು ಆ ಸೂಜಿಯನ್ನು ಯಾಕೆ ತೆಗೆಯಲಿಲ್ಲ? ಇದಕ್ಕೆ ಉತ್ತರ ಸಿಗುವತನಕ ನಾನು ಎರಡನೇ ಆಪರೇಷನ್ನಿಗೆ ಬರುವುದಿಲ್ಲ. ಸಾಯುವತನಕ ಈ ಚೀಲ ಕಟ್ಟಿಕೊಂಡೇ ಇದ್ದುಬಿಡುತ್ತೇನೆ. ಇನ್ನೊಂದು ಕೈಯನ್ನು ನಿಮ್ಮ ಕೈಗೆ ಕೊಡಲಾರೆ.

ಗುಲ್ಷನ್


ದಾವಣಗೆರೆ,
27 ಮಾರ್ಚ್ 2024

ಶ್ರೀಮತಿ ಗುಲ್ಷನ್ ಅವರಿಗೆ,

ತಮ್ಮ ಪತ್ರ ತಲುಪಿದೆ. ಪತ್ರವನ್ನು ತಾವು ಮಕ್ಕಳ ಕೈಯಲ್ಲಿ ಬರೆಸಿರುವಂತೆ ಅಕ್ಷರದಿಂದ ಕಾಣುವುದರಿಂದ, ತಮಗೆ ಯಾರಾದರೂ ಓದಿ ತಿಳಿಸಲು ಅನುಕೂಲವಾಗುವಂತೆ ಸರಳವಾಗಿ ಬರೆಯಲಾಗಿದೆ.

ಶಸ್ತ್ರಚಿಕಿತ್ಸೆಯ ನಂತರ ರಕ್ತನಾಳದ ಮೂಲಕ ಔಷಧಿ ಕೊಡುವುದು ಅನಿವಾರ್ಯ. ಕೆಲವರಿಗೆ ಸೂಜಿ ಹಾಕಿದ ಜಾಗದಲ್ಲಿ ಉರಿ, ಊತ ಬರುವುದುಂಟು. ತಮ್ಮ ವಿಷಯದಲ್ಲಿ, ತಮ್ಮ ಕಡೆಯವರು ಸಿಬ್ಬಂದಿಯ ಅನುಮತಿ ಇಲ್ಲದೆ ಬಿಸಿ ಮರಳಿನ ಗಂಟನ್ನು ಕೈಗೆ ಒತ್ತಿರುವುದು ಗಮನಕ್ಕೆ ಬಂದಿದೆ. ಚರ್ಮಕ್ಕೆ ಹಾನಿಯಾಗಲು ಅದು ಕಾರಣವಿರಬಹುದು.

ಎರಡನೇ ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದು ತಮ್ಮ ಆರೋಗ್ಯಕ್ಕೆ ಒಳ್ಳೆಯದಲ್ಲ. ತಾವು ಸೂಜಿಯ ಬಗ್ಗೆ ಭಯ ಪಡಬೇಕಾಗಿಲ್ಲ.

ತಮ್ಮ ವಿಶ್ವಾಸಿ,
ಕೀರ್ತನಾ
ಶುಶ್ರೂಷಕಿ, ಶಸ್ತ್ರಚಿಕಿತ್ಸಾ ವಾರ್ಡ್


ಹರಿಹರ,
30 ಮಾರ್ಚ್ 2024

ಕೀರ್ತನಾ ಸಿಸ್ಟರ್,

ಅದು ಮಕ್ಕಳ ಅಕ್ಷರವಲ್ಲ. ನನ್ನ ಎಡಗೈಯ ಅಕ್ಷರ. ಬಲಗೈ ನಿಮ್ಮ ವಾರ್ಡಿನಲ್ಲಿ ಬಿಟ್ಟುಬಂದಿದ್ದೇನೆ, ಮರೆತಿರಾ? ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಇಡೀ ಸ್ಕೂಲಿಗೆ ನಾನೇ ಮೊದಲು. ನಿಮ್ಮ ಕಾಗದ ಓದಲು ನನಗೆ ಯಾರೂ ಬೇಕಾಗಲಿಲ್ಲ. ಅದರಲ್ಲಿ ಏನೂ ಇಲ್ಲ ಎಂದು ತಿಳಿಯಲೂ ಯಾರೂ ಬೇಕಾಗಲಿಲ್ಲ.

ಕಾಗದದ ತುಂಬ "ಬರೆಯಲಾಗಿದೆ", "ಗಮನಕ್ಕೆ ಬಂದಿದೆ". ಯಾರು ಬರೆದರು, ಯಾರ ಗಮನಕ್ಕೆ? ನನ್ನ ಕೈಗೆ ಪ್ಲಾಸ್ಟರ್ ಬಿಗಿದ ಕೀರ್ತನಾ ಎಂಬ ಹೆಂಗಸು ಇಡೀ ಕಾಗದದಲ್ಲಿ ಹುಡುಕಿದರೂ ಸಿಗುವುದಿಲ್ಲ. ಸಹಿಯಲ್ಲಿ ಮಾತ್ರ ಇದ್ದಾಳೆ.

ಮರಳಿನ ಮಾತಿಗೆ ಬರೋಣ. ನಮ್ಮ ಅಣ್ಣ ಮುನಾಫ್‌ಗೆ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಇದೆ. ಮಂಡಕ್ಕಿ ಹುರಿಯುವ ಮರಳನ್ನು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುವುದು ನಮ್ಮ ಮನೆಯಲ್ಲಿ ಅಜ್ಜನ ಕಾಲದ ರೂಢಿ. ಸೊಂಟ ಹಿಡಿದರೂ ಅದೇ, ಹಲ್ಲು ನೋವಿಗೂ ಅದೇ. ಅವನು ಮರಳಿನ ಗಂಟು ತಂದದ್ದು ನಿಜ, ಕೈ ಮೇಲೆ ಇಟ್ಟದ್ದೂ ನಿಜ. ಆದರೆ ಯಾವಾಗ ತಂದ? ಕೈ ಉಬ್ಬಿದ ಮೇಲೆ. ಕರೆದರೆ ನಿಮ್ಮವರು ಯಾರೂ ಬಾರದೇ ಹೋದ ಮೇಲೆ. ಗಂಟು ಇಟ್ಟದ್ದೇ ನನಗೆ ಗೊತ್ತಾಗಲಿಲ್ಲ, ಅಷ್ಟು ಮರಗಟ್ಟಿತ್ತು ಕೈ. ಮನೆಗೆ ಬೆಂಕಿ ಬಿದ್ದಾಗ ಸುಮ್ಮನಿದ್ದು, ಆಮೇಲೆ ನೀರು ಎರಚಿದವನ ಮೇಲೆ ಕೇಸು ಹಾಕುವವರ ಮಾತು ನಿಮ್ಮದು.

ಭಯದ ಬಗ್ಗೆ ನನಗೆ ಬುದ್ಧಿ ಹೇಳಬೇಡಿ. ನಾನು ಸೂಜಿ ಹಿಡಿದು ಬದುಕಿದವಳು. ನನ್ನ ಪ್ರಶ್ನೆ ಅಲ್ಲೇ ನಿಂತಿದೆ. ಯಾಕೆ ತೆಗೆಯಲಿಲ್ಲ?

ಗುಲ್ಷನ್


ದಾವಣಗೆರೆ,
22 ಏಪ್ರಿಲ್ 2024

ಗುಲ್ಷನ್ ಅವರೇ,

ಉತ್ತರ ಬರೆಯಬೇಡ ಎಂದು ಆಫೀಸಿನವರು ಹೇಳಿದ್ದಾರೆ. ಹಿಂದಿನ ಕಾಗದವೂ ಅವರೇ ಹೇಳಿ ಬರೆಸಿದ್ದು. ಇದು ನನ್ನ ಮನೆಯ ಹಾಳೆ, ನನ್ನ ಮಾತು. ಮೂರು ವಾರ ಸುಮ್ಮನಿದ್ದೆ. ಆದರೆ ನಿಮ್ಮ ಕಾಗದ ಚೀಲದಲ್ಲಿಟ್ಟುಕೊಂಡು ಡ್ಯೂಟಿಗೆ ಹೋಗಿ ಬರುವುದು ಸಾಕಾಗಿದೆ.

ನೀವು ಒಂದು ಮಂಚದಿಂದ ನೋಡಿದಿರಿ. ನಾವು ಇಬ್ಬರೇ ನರ್ಸುಗಳು ಎರಡು ಸಾಲು ಮಂಚಗಳ ನಡುವೆ ಓಡುತ್ತೇವೆ. ಒಬ್ಬರಿಗೆ ವಾಂತಿ, ಒಬ್ಬರ ಡ್ರೆಸಿಂಗ್ ನೆನೆದಿದೆ, ಒಬ್ಬರನ್ನು ಥಿಯೇಟರಿಗೆ ಕಳಿಸಬೇಕು. ಊಟಕ್ಕೆ ಕೂತಾಗ ಬೆಲ್ಲು. ಯಾರ್ಯಾರದೋ ಸಿಟ್ಟಿಗೆಲ್ಲ ನಮ್ಮ ಮುಖವೇ ಸಿಗುವುದು. ಡಾಕ್ಟರಿಗೆ ದುವಾ, ನಮಗೆ ಬೈಗಳ. ಇರಲಿ, ಅಭ್ಯಾಸವಾಗಿದೆ.

ಆದರೆ ನಾನು ನಿಮ್ಮ ಕೂಗು ಕೇಳಿಸಿಕೊಳ್ಳಲಿಲ್ಲ ಎಂದು ಹೇಳಬೇಡಿ. ನಾನು ಬಂದೆ. ಸೂಜಿಯ ಸುತ್ತ ಕೆಂಪಗಿತ್ತು. ನಿಮ್ಮ ಬಾಟಲಿಗೆ ಪೊಟ್ಯಾಸಿಯಂ ಸೇರಿಸಿದ್ದರು, ಅದು ನರಕ್ಕೆ ಉರಿ ಕೊಡುವ ಔಷಧಿ. ಆ ಸೂಜಿ ತೆಗೆದು ಬೇರೆ ಕಡೆ ಹಾಕಬೇಕು ಅಂತಲೇ ನನಗೆ ಅನ್ನಿಸಿತು. ನಮ್ಮಲ್ಲಿ ಹೊಸದಾಗಿ ಚುಚ್ಚುವ ಮೊದಲು ಪೇಷಂಟ್ ಕಡೆಯವರಿಗೆ ಒಂದು ಮಾತು ಹೇಳುವ ರೂಢಿ, ಇಲ್ಲದಿದ್ದರೆ ಜಗಳಕ್ಕೆ ಬರುತ್ತಾರೆ. ಬಾಗಿಲ ಕಡೆ ಹೋಗಿ ಬಂದಿರಿ ಎಂದು ಬರೆದಿದ್ದೀರಲ್ಲ, ಯಾಕೆ ಹೋಗಿದ್ದೆ ಗೊತ್ತೇ? ನಿಮ್ಮ ಅಣ್ಣ ಅಲ್ಲಿ ನಿಂತಿದ್ದರು. "ಸೂಜಿ ಬದಲಿಸ್ತೀನಿ" ಅಂದೆ. ಅವರು ಕೈ ಮುಗಿದರು.

"ಬ್ಯಾಡ್ರಿ ಸಿಸ್ಟರ್, ನಿಮ್ ಕಾಲಿಗೆ ಬೀಳ್ತೀನಿ. ಬಂದ ದಿನ ನರ ಸಿಗದೆ ಎಷ್ಟು ಕಡೆ ಚುಚ್ಚಿದ್ರು, ನನ್ ಕಣ್ಣಾಗೆ ನೋಡಾಕಾಗ್ಲಿಲ್ಲ. ಆಕಿ ಸಣ್ಣಾಕಿದ್ದಾಗಿಂದ್ಲೂ ಹಂಗೇ, ಸೂಜಿ ಅಂದ್ರೆ ಜೀವ ಬಿಡ್ತಾಳೆ. ಉರಿತೈತೆ ಅಂತಾಳೆ, ಆಮ್ಯಾಲೆ ಸುಮ್ಕಾಗ್ತಾಳೆ. ಇರೋ ಸೂಜಿಯಾಗೇ ನಡಿಸ್ರಿ."

ಅದಕ್ಕೇ ತೆಗೆಯಲಿಲ್ಲ. ನಿಮಗೆ ಉತ್ತರ ಬೇಕಾಗಿತ್ತು, ಇದು ಉತ್ತರ. ಇದನ್ನು ಹೇಳಬಾರದು ಅಂತಿದ್ದೆ. ನಿಮ್ಮ ಪಾಲಿಗೆ ಮನೆಯ ಹಿರಿಯ ಎಂದರೆ ಅವರೊಬ್ಬರೇ ಎಂದು ತಿಳಿದು ಸುಮ್ಮನಿದ್ದೆ. ನೀವು ಸುಮ್ಮನಿರಲು ಬಿಡಲಿಲ್ಲ. ಇನ್ನು ಕೇಳುವುದಿದ್ದರೆ ನಿಮ್ಮ ಅಣ್ಣನನ್ನು ಕೇಳಿ.

ಕೀರ್ತನಾ


ಹರಿಹರ,
26 ಏಪ್ರಿಲ್ 2024

ಕೀರ್ತನಾ,

ಕೇಳಿದೆ. ನಿಮ್ಮ ಕಾಗದ ಮಧ್ಯಾಹ್ನ ಬಂತು. ಚೀಲದ ಮೇಲೆ ಬಟ್ಟೆ ಬಿಗಿದು, ಬುರ್ಖಾ ಹಾಕಿಕೊಂಡು, ಆಪರೇಷನ್ ಆದಮೇಲೆ ಮೊದಲ ಸಲ ಬಸ್ಸು ಹತ್ತಿದೆ. ಎಲ್ಲಿ ವಾಸನೆ ಬಂದೀತೋ ಎಂದು ದಾರಿಯುದ್ದಕ್ಕೂ ಕಿಟಕಿಗೆ ಅಂಟಿ ಕೂತಿದ್ದೆ. ಪಕ್ಕದಲ್ಲಿ ಜಾಗ ಖಾಲಿ ಇದ್ದರೂ ಯಾರನ್ನೂ ಕೂರಿಸಿಕೊಳ್ಳಲಿಲ್ಲ.

ಅಣ್ಣ ಭಟ್ಟಿಯ ಮುಂದೆ ಮರಳು ಕಾಯಿಸುತ್ತಿದ್ದ. ನಾವು ಮನೆಯಲ್ಲಿ ಉರ್ದು ಆಡುತ್ತೇವೆ. ಆದರೆ ಸಿಟ್ಟು ಬಂದರೆ ನನ್ನ ಬಾಯಿಗೆ ಕನ್ನಡವೇ ಬರುವುದು. ಅದು ಅವನಿಗೂ ಗೊತ್ತು, ನನ್ನ ಮೊದಲ ಮಾತಿಗೇ ಸೌಟು ಕೆಳಗಿಟ್ಟ.

"ಸಿಸ್ಟರ್ ಸೂಜಿ ತೆಗಿತೀನಿ ಅಂದಾಗ ಬ್ಯಾಡ ಅಂದಿದ್ದು ನೀನಾ?"

"ನಿಂಗೆ ನೋವಾಗ್ತೈತೆ ಅಂತ ಅಂದೆ ಗುಲ್ಷನ್. ಸ್ಕೂಲಿಗೆ ಸೂಜಿ ಹಾಕೋರು ಬಂದಾಗ ನೀನು ಭಟ್ಟ್ಯಾಗೆ ಭತ್ತದ ಹೊಟ್ಟಿನ ಚೀಲದ ಹಿಂದೆ ಅಡಗಿ ಕುಂತಿದ್ದಿ. ನಾನೇ ಹುಡುಕಿ ಎತ್ಕೊಂಡು ಬಂದಿದ್ದೆ. ಆ ಮುಖ ನಂಗೆ ಇನ್ನೂ ನೆನಪೈತೆ."

"ಆಗ ನಾನು ಎರಡನೇ ಕ್ಲಾಸು ಭಾಯಿ. ಈಗ ನನ್ ಮಗಳು ಫಿಜಾ ಡಿಗ್ರಿ ಓದ್ತಾಳೆ. ನಾನು ಬೆಳ್ದಿದ್ದು ನಿಂಗೆ ಯಾರೂ ಹೇಳ್ಲಿಲ್ಲೇನು?"

ಅವನು ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಮುಖ ಮುಚ್ಚಿಕೊಂಡ. ಅತ್ತನೋ ಬೆವರು ಒರೆಸಿದನೋ ನೋಡಲು ನಿಲ್ಲಲಿಲ್ಲ. ಅವನ ಜೊತೆ ಮಾತು ಬಿಟ್ಟಿದ್ದೇನೆ.

ಈಗ ನಿಮ್ಮ ಸರದಿ. ಅಣ್ಣನ ಮಾತು ಬರೆದ ಮೇಲೆ ನಿಮ್ಮ ತಲೆಯ ಭಾರ ಇಳಿಯಿತು ಅಂದುಕೊಂಡಿರಾ? ಇಳಿಸಲು ಬಿಡುವುದಿಲ್ಲ. ಮೊದಲ ಕಾಗದ ಬರೆಯುವಾಗ ನನಗೆ ನಿಮ್ಮ ಮೇಲೆ ಇದ್ದ ಸಿಟ್ಟಿಗಿಂತ ಈಗ ಎರಡು ಪಟ್ಟು ಇದೆ. ನೀವು ಕೇಳಿಸಿಕೊಂಡಿಲ್ಲ ಅಂತ ಅಷ್ಟು ದಿನ ತಿಳಿದಿದ್ದೆ. ನೀವು ಕೇಳಿಸಿಕೊಂಡಿದ್ದಿರಿ! ಕೆಂಪಾಗಿದ್ದು ನೋಡಿದ್ದಿರಿ, ತೆಗೆಯಬೇಕು ಅಂತ ಗೊತ್ತಿತ್ತು. ಆದರೂ ನನ್ನ ಕೈಯ ಮಾತನ್ನು ಬಾಗಿಲಲ್ಲಿ ನಿಂತ ಗಂಡಸಿಗೆ ಕೇಳಿದಿರಿ. ನಾನು ಎಚ್ಚರವಿದ್ದೆ. ಬಾಯಿ ಇತ್ತು. ಕೂಗಿದ್ದೂ ನಾನೇ.

ನನ್ನ ಅಂಗಡಿಗೆ ಹೆಂಗಸರು ಬಂದು ರವಿಕೆ ತೊಟ್ಟು ನೋಡುತ್ತಾರೆ. ಕಂಕುಳಲ್ಲಿ ಬಿಗಿಯಾಗುತ್ತೆ ಅಂದರೆ ಹೊಲಿಗೆ ಬಿಚ್ಚುತ್ತೇನೆ. ಹೊರಗೆ ಸ್ಕೂಟರ್ ಮೇಲೆ ಕೂತ ಅವರ ಅಣ್ಣನನ್ನು ಕೇಳಿ ಬರುವುದಿಲ್ಲ.

ಪೇಷಂಟ್ ಕಡೆಯವರು, ಪೇಷಂಟ್ ಕಡೆಯವರು ಎಂದು ನಿಮ್ಮ ವಾರ್ಡಿನಲ್ಲಿ ದಿನವಿಡೀ ಕೂಗುತ್ತೀರಿ. ಪೇಷಂಟನ್ನೇ ಯಾವತ್ತು ಕೂಗುತ್ತೀರಿ?

ಗುಲ್ಷನ್


ನಂದಿಗುಡಿ,
9 ಜೂನ್ 2024

ಗುಲ್ಷನ್ ಅವರಿಗೆ,

ನಿಮ್ಮ ಕಾಗದ ಬಂದು ಒಂದೂವರೆ ತಿಂಗಳಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ನನಗೂ ಸಿಟ್ಟೇ ಬರುತ್ತಿತ್ತು. ನಾಲ್ಕು ಸಲ ಹರಿದು ಹಾಕಿದೆ. ಆಮೇಲೆ ಒಂದು ದಿನ ಮೈಲಾರಲಿಂಗಪ್ಪ ಎಂಬ ಅಜ್ಜ ಹರ್ನಿಯಾ ಆಪರೇಷನ್ ಆಗಿ ವಾರ್ಡಿಗೆ ಬಂದರು. ಕೈ ಹಿಡಿದುಕೊಂಡು ಮುಲುಗುತ್ತಿದ್ದರು. ನನ್ನ ಬಾಯಿಂದ ಅದೇ ಮಾತು ಬಂತು: "ಪೇಷಂಟ್ ಕಡೆಯವರು ಯಾರ್ರಿ?" ಮಗ ಎದ್ದು ಬಂದ. "ಏನಿಲ್ರಿ, ಅಪ್ಪಗೆ ಎಲ್ಲದಕ್ಕೂ ಗೊಣಗೋದು ಅಭ್ಯಾಸ" ಅಂದ. ನಾನು ತಲೆಯಾಡಿಸಿ ಎರಡು ಹೆಜ್ಜೆ ಮುಂದೆ ಹೋಗಿದ್ದೆ. ಅಷ್ಟರಲ್ಲಿ ನಿಮ್ಮ ಕಾಗದ ನೆನಪಾಗಿ ಮೈ ಉರಿಯಿತು, ನಿಮ್ಮ ಮೇಲೂ, ನನ್ನ ಮೇಲೂ.

ವಾಪಸು ಬಂದೆ. "ಅಜ್ಜ, ಸೂಜಿ ಇರೋ ಕಡೆ ಉರಿತೈತಾ?" ಅಂತ ಅವರನ್ನೇ ಕೇಳಿದೆ. "ಹೂನವ್ವ, ಬೆಳಗ್ಗಿಂದ ಉರಿತೈತೆ. ನನ್ನ ಯಾರೂ ಕೇಳ್ಲಿಲ್ಲ" ಅಂದರು. ಪ್ಲಾಸ್ಟರ್ ಬಿಚ್ಚಿದರೆ ಊತ ಶುರುವಾಗಿತ್ತು. ತೆಗೆದೆ. ಆ ಕೈ ಉಳಿಯಿತು.

ಆವತ್ತಿನಿಂದ ನಮ್ಮ ವಾರ್ಡಿನಲ್ಲಿ ಒಂದು ಕಟ್ಟುನಿಟ್ಟು ಮಾಡಿದ್ದೇನೆ. ಡ್ಯೂಟಿ ಬದಲಾಗುವಾಗ ಪ್ರತಿ ಮಂಚದ ಮುಂದೆ ನಿಂತು, ಪೇಷಂಟ್ ಮುಖ ನೋಡಿ, ಸೂಜಿ ಉರಿಯುತ್ತಿದೆಯೇ ಎಂದು ಕೇಳಬೇಕು. ಹೌದು ಅಂದರೆ ತೆಗೆಯಬೇಕು. ಕಡೆಯವರು ಏನೇ ಅನ್ನಲಿ. ಸೂಜಿಯನ್ನು ಅಂಗೈ ಹಿಂದೆ, ಮಣಿಕಟ್ಟಿನ ಮಡಿಕೆಯಲ್ಲಿ ಹಾಕುವುದನ್ನು ಆದಷ್ಟು ಬಿಟ್ಟಿದ್ದೇವೆ. ಅಲ್ಲಿ ಕೈ ಅಲ್ಲಾಡಿದಂತೆಲ್ಲ ಸೂಜಿ ನರವನ್ನು ಉಜ್ಜುತ್ತದೆ. ಮೊಣಕೈ ಕೆಳಗಿನ ಚಪ್ಪಟೆ ಜಾಗವೇ ಒಳ್ಳೆಯದು, ಅದೂ ಆದಷ್ಟು ಸಣ್ಣ ಸೂಜಿ. ಉರಿ ಕೊಡುವ ಔಷಧಿಯನ್ನು ಡಾಕ್ಟರನ್ನು ಕೇಳಿ ಇನ್ನಷ್ಟು ತೆಳು ಮಾಡಿ ನಿಧಾನ ಬಿಡುತ್ತೇವೆ. ಮೇಲೆ ಹಚ್ಚುವ ಪ್ಲಾಸ್ಟರ್ ಈಗ ಗಾಜಿನ ಹಾಗೆ ಕಾಣುವಂಥದ್ದು, ಚರ್ಮ ಕೆಂಪಾದರೆ ಕಣ್ಣಿಗೆ ಬೀಳುತ್ತದೆ. ಬಾಯಲ್ಲಿ ಗಂಜಿ ಇಳಿಯತೊಡಗಿದ ಮೇಲೆ, ಇರಲಿ ಬಿಡು ಅಂತ ಸೂಜಿ ಇಟ್ಟುಕೊಂಡು ಕೂರಿಸುವುದಿಲ್ಲ. ಇದರಲ್ಲಿ ಹೊಸದೇನೂ ಇಲ್ಲ, ನರ್ಸಿಂಗ್ ಓದುವಾಗಲೇ ಕಲಿತದ್ದು. ಓಡಾಟದಲ್ಲಿ ಬಿಟ್ಟುಹೋಗಿತ್ತು.

ಇನ್ನೊಂದು ಮಾತು. ಮರಳಿನ ಗಂಟು ಬರುವ ಮೊದಲೇ ನಿಮ್ಮ ಕೈ ಊದಿತ್ತು. ಅದು ನನಗೆ ಗೊತ್ತಿತ್ತು. ಆ ಕಾಗದಕ್ಕೆ ಸಹಿ ಹಾಕುವಾಗಲೂ ಗೊತ್ತಿತ್ತು. ಹಾಗೆಂದು ಈಗ ಆಡಳಿತದವರಿಗೆ ಬರೆದು ಕೊಟ್ಟಿದ್ದೇನೆ.

ನಮ್ಮೂರು ನಂದಿಗುಡಿ. ಊರಿಗೆ ಬರುವ ಬಸ್ಸು ಹರಿಹರದ ಮೇಲೆಯೇ ಬರುತ್ತದೆ. ನಿನ್ನೆ ಇಳಿದು ಕೇಳಿಕೊಂಡು ನಿಮ್ಮ ಅಂಗಡಿಯತನಕ ಬಂದಿದ್ದೆ. ನೀವು ಎಡಗೈಯಲ್ಲಿ ಕತ್ತರಿ ಹಿಡಿದು, ಬಲ ಮೊಣಕೈಯನ್ನು ಬಟ್ಟೆಯ ಮೇಲೆ ಊರಿ ಕತ್ತರಿಸುತ್ತಿದ್ದಿರಿ. ಬಟ್ಟೆ ಸೊಟ್ಟಗೆ ಹೋಯಿತು. ಅದನ್ನು ಗೋಡೆಗೆ ಎಸೆದಿರಿ. ಒಳಗೆ ಬರಲು ನನಗೆ ಧೈರ್ಯ ಬರಲಿಲ್ಲ.

ಕ್ಷಮಿಸಿ. ಈ ಪದವನ್ನು ಆಸ್ಪತ್ರೆಯ ಕಾಗದದಲ್ಲಿ ಬರೆಯಲು ಬಿಡುವುದಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಕೀರ್ತನಾ


ಹರಿಹರ,
20 ಜೂನ್ 2024

ಕೀರ್ತನಾ,

ಹೊಸಿಲ ತನಕ ಬಂದು ಹೋದವರಿಗೆ ಏನು ಹೇಳಲಿ? ಒಳಗೆ ಬಂದಿದ್ದರೆ ಆ ಬಟ್ಟೆಯನ್ನು ಗೋಡೆಗಲ್ಲ, ನಿಮ್ಮ ಮುಖಕ್ಕೇ ಎಸೆಯುತ್ತಿದ್ದೆ. ಆಮೇಲೆ ಚಹಾ ಕೊಡುತ್ತಿದ್ದೆನೋ ಏನೋ. ಎರಡೂ ತಪ್ಪಿಸಿಕೊಂಡಿರಿ.

ನಿಮ್ಮ ಕ್ಷಮೆಯನ್ನು ನಾನು ಏನು ಮಾಡಲಿ? ಅದು ಬಂದು ನನ್ನ ರವಿಕೆಗಳಿಗೆ ಕಾಜಾ ಹಾಕುತ್ತದೆಯೇ? ಮೈಲಾರಲಿಂಗಪ್ಪಜ್ಜನ ಕೈ ಉಳಿದದ್ದು ಓದಿ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಮರುಕ್ಷಣವೇ ಹೊಟ್ಟೆ ಉರಿಯಿತು. ಆ ಅಜ್ಜನಿಗೆ ಸಿಕ್ಕ ಒಂದು ಮಾತು ನನಗೆ ಜನವರಿಯಲ್ಲಿ ಸಿಕ್ಕಿದ್ದರೆ! ನನ್ನ ಕೈ ಸುಟ್ಟು ನಿಮ್ಮ ವಾರ್ಡಿಗೆ ಬುದ್ಧಿ ಬರಬೇಕಾಗಿತ್ತೇ?

ಮೊನ್ನೆ ಬಕ್ರೀದ್ ಆಯಿತು. ಮನೆ ತುಂಬ ಜನ. ನಾನು ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದೆ. ನೆಂಟರ ನಡುವೆ ಕೂತಾಗ ಈ ಚೀಲ ಸದ್ದು ಮಾಡಿಬಿಡುತ್ತದೆ, ಎಲ್ಲರೂ ಕೇಳದವರಂತೆ ಮುಖ ತಿರುಗಿಸುತ್ತಾರೆ. ಅಣ್ಣ ಬಂದಿದ್ದ. ಬಾಗಿಲ ಹೊರಗೆ ನೆಲದ ಮೇಲೆ ಕೂತು, "ಗುಲ್ಷನ್, ಒಂದ್ ಮಾತಾಡು. ಬೈಯಿ ಬೇಕಾದ್ರೆ" ಅಂದ. ನಾನು ಬೈಯಲೂ ಇಲ್ಲ. ಅವನು ಊಟ ಮಾಡದೆ ಹೋದ. ಸಂಜೆ ಫಿಜಾ ನನ್ನ ಮುಂದೆ ನಿಂತು, "ಅಮ್ಮೀ, ನಿನ್ ಸಿಟ್ಟಿನಾಗೆ ಅವರ್ಯಾರೂ ಸಾಯಂಗಿಲ್ಲ. ಚೀಲ ಹೊತ್ಕೊಂಡಿರೋಳು ನೀನು" ಅಂದಳು. ಅವಳಿಗೆ ನನ್ನದೇ ಬಾಯಿ ಬಂದಿದೆ.

ಬರುತ್ತೇನೆ. ಕ್ಷಮಿಸಿ ಅಂದದ್ದಕ್ಕೆ ಅಲ್ಲ, ಚೀಲ ಸಾಕಾಗಿದೆ. ಬಲಗೈಗೆ ಯಾರೂ ಸೂಜಿ ತರಕೂಡದು. ಎಡಗೈಯಲ್ಲಿ ಬರೆಯುತ್ತೇನೆ, ತಿನ್ನುತ್ತೇನೆ, ಕತ್ತರಿಸಲು ಕಲಿಯುತ್ತಿದ್ದೇನೆ. ಇರುವುದು ಅದೊಂದೇ. ಅದಕ್ಕೆ ನೀವೇ ಸೂಜಿ ಹಾಕಬೇಕು, ನೀವೇ ನೋಡಿಕೊಳ್ಳಬೇಕು. ಬೇರೆ ಯಾರನ್ನೂ ಹತ್ತಿರ ಸೇರಿಸುವುದಿಲ್ಲ.

ಗುಲ್ಷನ್


ದಾವಣಗೆರೆ,
1 ಜುಲೈ 2024

ಗುಲ್ಷನ್ ಅವರಿಗೆ,

ಡಾಕ್ಟರ ಹತ್ತಿರ ಮಾತಾಡಿದ್ದೇನೆ. ಹದಿನೈದನೇ ತಾರೀಕು ಸೇರಿಕೊಳ್ಳಿ, ಮಾರನೇ ದಿನ ಆಪರೇಷನ್.

ನೀವು ಕೇಳಿದ್ದು ಮಾತ್ರ ನನ್ನಿಂದ ಆಗುವುದಿಲ್ಲ. ನಾನೀಗ ವಾರ್ಡಿನಲ್ಲಿಲ್ಲ. ಕೆಳಗೆ ಹೊರರೋಗಿಗಳ ಕಡೆ ಹಾಕಿದ್ದಾರೆ, ಬಿಪಿ ನೋಡಿ ಒಳಗೆ ಕಳಿಸುವ ಕೆಲಸ. ಮೇಲೆ ವಾಣಿ ಎಂಬ ಹುಡುಗಿ ಇರುತ್ತಾಳೆ. ಕೆಲಸಕ್ಕೆ ಸೇರಿ ವರ್ಷವಾಗಿಲ್ಲ.

ನಿಮಗೆ ಸಿಟ್ಟು ಬರುತ್ತದೆ ಎಂದು ಗೊತ್ತು. ಆದರೂ ಬನ್ನಿ. ನಾನು ಎದುರಿಗಿದ್ದರೆ ಮಾತ್ರ ನಿಮ್ಮ ಕೈ ಉಳಿಯುತ್ತದೆ ಅಂತಾದರೆ, ನಾನು ಮಾಡಿದ ಕಟ್ಟುನಿಟ್ಟಿಗೆ ಬೆಲೆಯೇ ಇಲ್ಲ.

ಕೀರ್ತನಾ


ಹರಿಹರ,
30 ಜುಲೈ 2024

ಕೀರ್ತನಾ,

ನಿಮ್ಮ ಕಾಗದ ಓದಿ ಫಿಜಾ ಕೈಗೆ ಎಸೆದೆ. ಪ್ರತಿ ಸಲವೂ ಬಾಗಿಲ ತನಕ ಬಂದು ಹೋಗುವ ಹೆಂಗಸು ಇವಳು ಅಂದೆ. ವಾಣಿ ಹೇಳಿದ ಮೇಲೆ ಗೊತ್ತಾಯಿತು. ಮರಳಿನ ವಿಷಯ ಬರೆದು ಕೊಟ್ಟದ್ದಕ್ಕೇ ನಿಮ್ಮನ್ನು ಕೆಳಗೆ ಹಾಕಿದರಂತೆ. ಅದನ್ನು ನನಗೆ ಒಂದು ಸಾಲು ಬರೆಯಲು ನಿಮ್ಮ ಗಂಟೇನು ಹೋಗುತ್ತಿತ್ತು? ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡೇ ಥಿಯೇಟರಿಗೆ ಹೋದೆ. ಬಂದ ಮೇಲೆ ನಿಮ್ಮ ಆಸ್ಪತ್ರೆಯ ಮೇಲೆ ಮಾಡಿಕೊಂಡೆ.

ಚೀಲ ಹೋಯಿತು. ಮೊನ್ನೆಯಿಂದ ಮೆತ್ತಗಿನ ಅನ್ನ ಉಣ್ಣುತ್ತಿದ್ದೇನೆ. ಹೊಟ್ಟೆಯ ಮಟ್ಟಿಗೆ ನಾನು ಕ್ಷೇಮ. ಬಲಗೈಯ ಮಟ್ಟಿಗೆ ಇಲ್ಲ, ಅದು ಹಾಗೇ ಇರುತ್ತದಂತೆ. ನೀವು ನೋಡಿದ ಆ ಅಂಗಡಿಯಲ್ಲಿ ಈಗ ಕತ್ತರಿಸುವ ಕೆಲಸ ಫಿಜಾ ಮಾಡುತ್ತಾಳೆ. ನಾನು ಅಳತೆ ಹೇಳುತ್ತೇನೆ, ಬೈಯುತ್ತೇನೆ.

ಅಣ್ಣನಿಗೆ ಆಸ್ಪತ್ರೆಗೆ ಬರಬೇಡ ಅಂದಿರಲಿಲ್ಲ, ಬಾ ಅಂತಲೂ ಅಂದಿರಲಿಲ್ಲ. ಬಂದ. ಕೈಯಲ್ಲಿ ಮರಳಿನ ಗಂಟು ಇರಲಿಲ್ಲ. "ನಾನೇನು ಮಾಡ್ಲಿ?" ಅಂದ. "ಬಾಯಿ ಮುಚ್ಕೊಂಡು ಕುಂದ್ರು" ಅಂದೆ. ಸುಮಾರು ಮೂರು ತಿಂಗಳಲ್ಲಿ ನಾನು ಅವನಿಗೆ ಆಡಿದ ಮೊದಲ ಮಾತು. ಅವನ ಮುಖ ನೋಡಬೇಕಿತ್ತು ನೀವು, ಹಬ್ಬದ ಬಟ್ಟೆ ಸಿಕ್ಕ ಹುಡುಗನ ಹಾಗೆ ಸ್ಟೂಲಿನ ಮೇಲೆ ಕೂತ.

ವಾಣಿ ಸೂಜಿಯನ್ನು ಮೊಣಕೈ ಕೆಳಗೆ ಹಾಕಿದಳು. ಚೆನ್ನಾಗಿಯೇ ಹಾಕಿದಳು. ಡ್ಯೂಟಿ ಬದಲಾಗುವಾಗಲೆಲ್ಲ ಬಂದು ನನ್ನ ಮುಖ ನೋಡಿ ಕೇಳುತ್ತಿದ್ದಳು: "ಗುಲ್ಷನಮ್ಮ, ಸೂಜಿ ಇರೋ ಕಡೆ ಉರಿತೈತಾ?" ಇಲ್ಲ ಅನ್ನುತ್ತಿದ್ದೆ. ನಿಜವಾಗಿಯೂ ಉರಿಯುತ್ತಿರಲಿಲ್ಲ. ಆದರೆ ನನಗೆ ಸಮಾಧಾನ ಇರಲಿಲ್ಲ. ಕೇಳುವುದು ಯಾರಿಗಾದರೂ ಬರುತ್ತದೆ. ಜನವರಿಯಲ್ಲಿ ನೀವೂ ಬಂದು ನೋಡಿದ್ದಿರಿ.

ಈಗ ಬರೆಯುವುದನ್ನು ವಾಣಿಗೆ ಹೇಳಬೇಡಿ. ಆಪರೇಷನ್ ಆದ ಮೂರನೇ ದಿನ ಮಧ್ಯಾಹ್ನ, ಅವಳು ಕೇಳಿದಾಗ, "ಉರಿತೈತೆ" ಅಂದುಬಿಟ್ಟೆ. ಉರಿಯುತ್ತಿರಲಿಲ್ಲ.

ಅವಳು ಬಗ್ಗಿ ನೋಡಿದಳು. ಕೆಂಪಿರಲಿಲ್ಲ, ಊತವಿರಲಿಲ್ಲ. ಸುತ್ತ ಮೂರು ಮಂಚದವರು ಕರೆಯುತ್ತಿದ್ದರು. ಅಣ್ಣ ಸ್ಟೂಲಿನಿಂದ ಎದ್ದ, "ಸಿಸ್ಟರ್, ಆಕಿ ಸಣ್ಣಾಕಿದ್ದಾ—" ಅಂತ ಬಾಯಿ ತೆಗೆದವನು ತಾನೇ ಮುಚ್ಚಿಕೊಂಡು ಕೂತ. ವಾಣಿ ಅವನ ಕಡೆ ತಿರುಗಲೂ ಇಲ್ಲ. "ಮೇಲೆ ಏನೂ ಕಾಣ್ತಿಲ್ಲಮ್ಮ. ತೆಗೆದ್ರೆ ಇನ್ನೊಂದು ಕಡೆ ಚುಚ್ಚಬೇಕಾಗ್ತೈತೆ. ತೆಗೀಲಾ?" ಅಂದಳು.

"ತೆಗಿ" ಅಂದೆ.

ತೆಗೆದಳು. ಮತ್ತೆ ನರ ಹುಡುಕಿದಳು, ಸ್ವಲ್ಪ ಮೇಲಕ್ಕೆ ಚುಚ್ಚಿದಳು. ನೋವಾಯಿತು. ಸೂಜಿ ಕಂಡರೆ ಹೊಟ್ಟಿನ ಚೀಲದ ಹಿಂದೆ ಅಡಗುವವಳು ನಾನು, ಆ ಚುಚ್ಚನ್ನು ಕೇಳಿ ಹಾಕಿಸಿಕೊಂಡೆ. "ನೋವಾಯ್ತಾ?" ಅಂತ ಕೇಳಿದಳು. "ಆಯ್ತು" ಅಂದೆ. ಅದನ್ನೂ ನಂಬಿದಳು.

ಗುಲ್ಷನ್